ಬಿಡೋ, ಬಿಡಿ

ಜೂನ್ 4

ಗುಬ್ಬಿ,

‘ಮೆಲುದನಿಗೆ ಊರೆಲ್ಲ ಕಿವಿಯಾಗುವುದು.’ ಈ ಸಾಲನ್ನು ಎಲ್ಲಿ ಓದಿದ್ದೆ, ಯಾರು ಬರೆದದ್ದು, ನೆನಪಾಗುತ್ತಿಲ್ಲ. ಬೆಳಿಗ್ಗೆಯಿಂದ ಒಂದೇ ಅನುಮಾನ. ಅದು ‘ಕಿವಿಯಾಗುವುದು’ ಎಂದು ಮುಗಿಯುತ್ತಿತ್ತೋ, ‘ಕಿವಿಯಾಗುವುದೇ’ ಎಂದು ಕೇಳುತ್ತಿತ್ತೋ? ಒಂದು ಏಕಾರಕ್ಕೆ ಇಡೀ ಪದ್ಯ ತಲೆಕೆಳಗಾಗುತ್ತದೆ. ಇಷ್ಟು ವರ್ಷ ಅದನ್ನು ನಂಬಿಕೆಯೆಂದೇ ಓದಿಕೊಂಡಿದ್ದೆ. ಈಗ ಅದು ಪ್ರಶ್ನೆಯೇ ಆಗಿರಬೇಕು ಅನ್ನಿಸುತ್ತಿದೆ.

ಮೆಲುದನಿಯೇ ನನ್ನ ಹೊಟ್ಟೆಪಾಡು, ನಿನಗೆ ಗೊತ್ತಲ್ಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತು ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎನ್ನುತ್ತೇನೆ. ಸಾಹಿತ್ಯದ ಸ್ನಾತಕೋತ್ತರ ಪದವಿ ಕೊನೆಗೂ ಉಪಯೋಗಕ್ಕೆ ಬಂತು ಎಂದು ನೀನು ನಕ್ಕಿದ್ದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ವಾಕ್ಯಗಳನ್ನು ನೀನೇ ಮುಗಿಸಿಬಿಡುತ್ತೀಯ, ನಾನೂ ಹೂಂ ಅಂದುಬಿಡುತ್ತೇನೆ. ಕಾಗದದಲ್ಲಿ ಆ ಸೌಲಭ್ಯ ನಿನಗಿಲ್ಲ.

ಸಂಗತಿ ಇಷ್ಟೇ. ಹೆಂಗಸರ ಆತ್ಮರಕ್ಷಣೆಯ ತರಗತಿಗೆ ಸೇರಿದ್ದೇನೆ. ವಾರಕ್ಕೆ ಎರಡು ಸಂಜೆ, ಒಂದು ಶಾಲೆಯ ಸಭಾಂಗಣದಲ್ಲಿ. ಹದಿನಾಲ್ಕು ಜನ ಇದ್ದೇವೆ, ನಾನೇ ಹಿರಿಯಳು. ಕಲಿಸುವವಳು ಹಿಂದೆ ಹ್ಯಾಂಡ್‌ಬಾಲ್ ತಂಡದಲ್ಲಿ ಆಡಿದವಳು, ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಯಾರಾದರೂ ಮಣಿಕಟ್ಟು ಹಿಡಿದರೆ ಹಿಂದಕ್ಕೆ ಜಗ್ಗಬಾರದಂತೆ, ಹಿಡಿದವನ ಹೆಬ್ಬೆರಳಿನ ಕಡೆಗೇ ತಿರುಗಿಸಿ ಎಳೆಯಬೇಕಂತೆ. ನಾಲ್ಕು ಬೆರಳನ್ನು ಸೋಲಿಸುವುದಕ್ಕಿಂತ ಒಂದು ಬೆರಳನ್ನು ಸೋಲಿಸುವುದು ಸುಲಭ. ಕಾಲು ತುಳಿಯುವುದು, ಮೊಣಕೈ ಬೀಸುವುದು, ಎಲ್ಲ ಎರಡು ವಾರದಲ್ಲಿ ಬಂತು. ಬಾರದಿರುವುದು ಕೂಗು ಮಾತ್ರ.

ಕ್ಯಾಪ್ಟನ್ ನನ್ನ ಕೈ ಹಿಡಿದು, “ಕೂಗಿ ಈಗ” ಎಂದಳು. ನಾನು, “ದಯವಿಟ್ಟು ಕೈ ಬಿಡಿ” ಎಂದೆ.

“ಮೇಡಂ, ಇದೇನು ಬಸ್ಸು ತಡವಾಗಿ ಹೊರಡುತ್ತೆ ಅಂತ ಅನೌನ್ಸ್ ಮಾಡ್ತಿದೀರಾ? ಕೊನೇಲಿ ‘ತೊಂದರೆಗಾಗಿ ವಿಷಾದಿಸುತ್ತೇವೆ’ ಅಂತಾನೂ ಸೇರಿಸಿಬಿಡಿ! ‘ಬಿಡೋ’ ಅನ್ನಿ. ಬಿ-ಡೋ. ಹೊಟ್ಟೆಯಿಂದ ಬರ್ಲಿ.”

ಬರಲಿಲ್ಲ. ತಪ್ಪು ಅಪ್ಪನದು. ಅಡುಗೆಮನೆಯ ಕಟ್ಟೆ ಹತ್ತಿದ ಬೆಕ್ಕಿಗೂ ಅವರು ‘ಇಳೀರಿ, ಇಳೀರಿ’ ಅನ್ನುತ್ತಿದ್ದರಲ್ಲ. ಅಂಥವರ ಮಗಳು ಹೊರಗಿನವರಿಗೆ ಏಕವಚನ ಹೇಗೆ ಆಡಿಯಾಳು? ನಾನು ಬಾಯಿತುಂಬ ‘ನೀನು’ ಅಂದಿರುವುದು ನಿನಗೆ, ಅಣ್ಣನಿಗೆ, ಅಷ್ಟೇ.

ಯಾಕೆ ಸೇರಿದೆ ಎಂದು ಕೇಳಬೇಡ. ನೌಕರರಿಗೆ ಉಚಿತ, ಸಂಜೆ ಹೇಗೂ ಖಾಲಿ. ಅಪ್ಪನ ಮನೆ, ಅಣ್ಣನ ಮನೆ, ನಡುನಡುವೆ ನಿನ್ನ ಮನೆ ಎಂದು ಇದ್ದವಳಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ತನ್ನದೇ ಬೀಗದಕೈ ಸಿಕ್ಕಿದೆ. ಈ ಒಂದೂವರೆ ಕೋಣೆ, ಆ ಗಾಜಿನ ಗೂಡು, ಇವೆರಡರ ನಡುವಿನ ಹದಿನೈದು ನಿಮಿಷದ ದಾರಿ. ಮೂರನ್ನೂ ಉಳಿಸಿಕೊಳ್ಳಬೇಕು. ಅದಕ್ಕೆ ಏಕವಚನ ಬೇಕೆಂದರೆ ಅದನ್ನೂ ಕಲಿಯುತ್ತೇನೆ.

ಅಕ್ಕ


ಜೂನ್ 12

ಅಕ್ಕಾ,

ನಿನ್ನ ಕಾಗದ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ಇವಳಿಗೆ ತಲೆ ಕೆಟ್ಟಿತು ಅಂದುಕೊಂಡರು ಉಳಿದವರು. ಹೆಬ್ಬೆರಳಿನ ಲೆಕ್ಕ ಭೌತಶಾಸ್ತ್ರದ ಪ್ರಕಾರ ಸರಿಯಿದೆ, ಹತ್ತನೆಯ ತರಗತಿಗೆ ಮಾಡಿ ತೋರಿಸಿದೆ. ವಸತಿ ಶಾಲೆಯ ಮಕ್ಕಳಿಗೆ ಇಂಥ ಪಾಠ ಎಂದರೆ ಹಬ್ಬ.

ಆದರೆ ‘ಯಾಕೆ ಎಂದು ಕೇಳಬೇಡ’ ಎಂದು ಬರೆದವಳು ಕೇಳಲಿ ಎಂತಲೇ ಬರೆದಿರುತ್ತಾಳೆ. ಯಾಕೆ? ಯಾರಾದರೂ ಹಿಂದೆ ಬಿದ್ದಿದ್ದಾನಾ? ಈ ವಯಸ್ಸಿನಲ್ಲಿ ನಮ್ಮ ಹಿಂದೆ ಬೀಳುವುದು ಮೊಣಕಾಲು ನೋವು ಒಂದೇ, ಬಿಡು. ಕಾಲಕ್ಷೇಪಕ್ಕೆ ಹೋಗುತ್ತಿದ್ದರೆ ಸಂಗೀತಕ್ಕೆ ಹೋಗಬಾರದಿತ್ತಾ?

ಗುಬ್ಬಿ


ಜೂನ್ 30

ಗುಬ್ಬಿ,

ಅಕ್ಷರ ನೋಡಿ ಗಾಬರಿಯಾಗಬೇಡ. ಮೆಟ್ಟಿಲಲ್ಲಿ ಕಾಲು ಜಾರಿ ಬಲಗೈ ಮಣಿಕಟ್ಟು ಉಳುಕಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರಗಳೆಲ್ಲ ಕುಡಿದವರ ಹಾಗೆ ವಾಲುತ್ತಿವೆ.

‘ಬಿಡೋ’ ಬಂತು. ಚೆನ್ನಾಗಿಯೇ ಬಂತು, ಹೊಟ್ಟೆಯಿಂದ. ಕ್ಯಾಪ್ಟನ್‌ಗೆ ಇನ್ನೂ ಹೇಳಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಯಾರೂ ಇಲ್ಲ.

ಅಕ್ಕ


ಜುಲೈ 7

ಅಕ್ಕಾ,

ಮೆಟ್ಟಿಲಂತೆ! ನೀನಿರುವುದು ನೆಲಮಹಡಿಯಲ್ಲಿ.

ನನಗೆ ಗೊತ್ತಾಯಿತು. ಆ ಹ್ಯಾಂಡ್‌ಬಾಲಿನವಳು ತರಗತಿಯಲ್ಲಿ ನಿನ್ನ ಕೈ ತಿರುಚಿದ್ದಾಳೆ, ನೀನು ಅವಳ ಮರ್ಯಾದೆ ಕಾಪಾಡಲು ಮೆಟ್ಟಿಲು ಕಟ್ಟಿಸಿದ್ದೀಯ. ‘ಬಿಡೋ’ ಬಂತಂತೆ, ಕೈ ಹೋಯಿತಂತೆ! ಇನ್ನು ಆ ತರಗತಿಯ ಕಡೆ ತಲೆ ಹಾಕಬೇಡ.

ಅಣ್ಣನಿಗೂ ಹೇಳಿದೆ. ಅವನು ನಿನ್ನ ಹಳೆಯ ಕೋಣೆಗೆ ಬಣ್ಣ ಹೊಡೆಸುತ್ತಿದ್ದಾನೆ. ಆಗಸ್ಟ್ ಹತ್ತಕ್ಕೆ ನನಗೆ ರಜೆ ಸಿಗುತ್ತದೆ. ಬಂದು ನಿನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ, ನಿನ್ನನ್ನೂ ಕರೆದುಕೊಂಡು ಹೊರಡುತ್ತೇನೆ. ಏಳು ತಿಂಗಳು ಒಬ್ಬಳೇ ಇದ್ದು ತೋರಿಸಿದ್ದೀಯ, ಸಾಕು. ಯಾರಿಗೆ ತೋರಿಸಬೇಕಿತ್ತೋ ಅವರೆಲ್ಲ ನೋಡಿಯಾಯಿತು.

ಗುಬ್ಬಿ


ಜುಲೈ 13

ಗುಬ್ಬಿ,

ನೆಲಮಹಡಿ ಎಂಬುದನ್ನೇ ಮರೆತಿದ್ದೆ. ಸುಳ್ಳಿನಲ್ಲಿ ನನಗೆ ಅಭ್ಯಾಸ ಸಾಲದು. ಇನ್ನು ಮುಂದಿನದು ನಿಜ. ಕುಳಿತು ಓದು.

ಮಾರ್ಚಿನಿಂದ ಒಬ್ಬ ಬರುತ್ತಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬೂದು ಅಂಗಿ, ಒಪ್ಪವಾಗಿ ಬಾಚಿದ ತಲೆ. ವಿಚಾರಣೆಯ ಕಿಂಡಿಗೆ ಬಂದು ದಿನವೂ ಅದೇ ಬಸ್ಸಿನ ಸಮಯ ಕೇಳುತ್ತಿದ್ದ. ಹೇಳಿದರೆ, “ಇನ್ನೊಂದ್ಸಲ ಹೇಳಿ, ನಿಮ್ಮ ಬಾಯಲ್ಲಿ ಕೇಳೋಕೆ ಚೆಂದ.” ಆಮೇಲೆ ನಾನು ಮನೆಗೆ ನಡೆಯುವಾಗ ಇಪ್ಪತ್ತು ಹೆಜ್ಜೆ ಹಿಂದೆ. ಆಮೇಲೆ ಹತ್ತು. ನಮ್ಮ ಮೇಲಧಿಕಾರಿಗೆ ಹೇಳಿದೆ. “ಬಸ್ ಟೈಮ್ ಕೇಳೋದು ಅಪರಾಧ ಏನ್ರೀ?” ಅಂದರು. ಅದಕ್ಕೇ ತರಗತಿಗೆ ಸೇರಿದ್ದು. ನಿನಗೆ ಹೇಳಲು ನಾಚಿಕೆಯಾಯಿತು. ಈ ವಯಸ್ಸಿನವಳ ಹಿಂದೆಯೂ ಬೀಳುತ್ತಾರೆ ಎಂದರೆ ನಾನೇ ಏನೋ ಕಲ್ಪಿಸಿಕೊಂಡಂತೆ ಕೇಳಿಸುತ್ತದೆ.

ಜೂನ್ ಇಪ್ಪತ್ತಾರರಂದು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಮನೆಗೆ ನಡೆಯುವಾಗ, ಟೈಲರ್ ಅಂಗಡಿಯ ಎದುರು ನನ್ನ ಮಣಿಕಟ್ಟು ಹಿಡಿದ. ಒಳ್ಳೆ ಬಿಸಿಲು. ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಔಷಧಿ ಅಂಗಡಿ ತೆರೆದಿತ್ತು, ಹಣ್ಣಿನ ಗಾಡಿಯ ಸುತ್ತ ನಾಲ್ಕು ಜನ. ನಾನು ಕೂಗಿದೆ: “ಬಿಡೋ! ಕೈ ಬಿಡೋ!” ನನ್ನ ಗಂಟಲಿನಲ್ಲಿ ಅಂಥ ಸದ್ದಿದೆ ಎಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು.

ಅವನು ಹೆದರಲಿಲ್ಲ, ಗುಬ್ಬಿ. ಮೆತ್ತಗಾದ. “ಅಕ್ಕಾ, ಹಟ ಮಾಡ್ಬೇಡ. ಮಾತ್ರೆ ತಗೊಳ್ಳೋ ಹೊತ್ತಾಯ್ತು, ಮನೆಗೆ ನಡಿ” ಅಂದ. ಜನರ ಕಡೆ ತಿರುಗಿ, “ಹುಷಾರಿಲ್ಲ ನಮ್ಮಕ್ಕಂಗೆ” ಅಂದ.

ನಾನು ಇನ್ನೂ ಜೋರಾಗಿ, “ಯಾವನೋ ನೀನು? ಬಿಡೋ!” ಅಂದೆ. ಕೂಗಿದಷ್ಟೂ ನಾನು ಅವನ ಅಕ್ಕನೇ ಆಗುತ್ತ ಹೋದೆ. ಹಣ್ಣಿನವನು ಸಮಾಧಾನ ಹೇಳಿದ: “ಹೋಗಮ್ಮ. ಈ ಕಾಲದಲ್ಲಿ ತಮ್ಮ ಇಷ್ಟು ನೋಡ್ಕೊಳ್ಳೋದೇ ಹೆಚ್ಚು.” ಬೂದು ಅಂಗಿಯವನು ನನ್ನನ್ನು ಅಲ್ಲೇ ನಿಲ್ಲಿಸಿದ್ದ ತನ್ನ ಕಾರಿನ ಕಡೆಗೆ ಹದಿನೈದು ಹೆಜ್ಜೆ ಎಳೆದ. ಆಗ ಹೆಬ್ಬೆರಳು ನೆನಪಾಯಿತು. ತಿರುಗಿಸಿ ಎಳೆದೆ, ಕೈ ಉಳುಕಿತು, ಆದರೂ ಬಿಡಿಸಿಕೊಂಡೆ. ಅವನ ಪಾದ ತುಳಿದು ಔಷಧಿ ಅಂಗಡಿಯ ಒಳಗೆ ಓಡಿದೆ. ಅವನು ಕಾರು ಹತ್ತಿ ಹೋದ.

ಠಾಣೆಗೆ ಹೋಗಿ ದೂರು ಬರೆಸಿದ್ದೇನೆ. ಅವನ ಹೆಸರು ಗೊತ್ತಿಲ್ಲ, ಕಾರಿನ ನಂಬರು ನೋಡಲಿಲ್ಲ. “ಮತ್ತೆ ಬಂದ್ರೆ ತಿಳಿಸಿ” ಅಂದರು.

ವಾರದ ಮೇಲೆ ಟೈಲರನ್ನು ಕೇಳಿದೆ: “ಅವತ್ತು ಯಾಕೆ ಯಾರೂ ಬರಲಿಲ್ಲ?” ಅವಳು ಅತ್ತೇಬಿಟ್ಟಳು. “ನಿಮ್ಮ ತಮ್ಮ ಅಂದ್ಕೊಂಡೆ ಕಣ್ರೀ. ಗೊತ್ತಿಲ್ಲದೋರಿಗೆ ಯಾರಾದ್ರೂ ‘ಬಿಡೋ’ ಅಂತಾರಾ? ಅದೂ ನೀವು? ಒಂದು ಗುಂಡಿ ಹಾಕ್ಸೋಕೆ ನಾಲ್ಕು ಸಲ ‘ದಯವಿಟ್ಟು’ ಅನ್ನೋರು!”

ಕಷ್ಟಪಟ್ಟು ಕಲಿತ ಏಕವಚನವೇ ನನ್ನನ್ನು ಅವನ ಮನೆಯವಳನ್ನಾಗಿ ಮಾಡಿತು. ರಾತ್ರಿಯೆಲ್ಲ ಇದನ್ನೇ ಯೋಚಿಸಿದೆ. ಅಳು ಬರಲಿಲ್ಲ. ಸಿಟ್ಟು ಬಂತು, ಆಮೇಲೆ ಕುತೂಹಲ.

ನೀನು ಬಾ. ಪೆಟ್ಟಿಗೆ ತುಂಬಲು ಬರಬೇಡ.

ಅಕ್ಕ


ಜುಲೈ 19

ಅಕ್ಕಾ,

ಮೊಣಕಾಲಿನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಕ್ಯಾಪ್ಟನ್‌ಗೂ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ನಿನ್ನ ಕೈ ಉಳಿಸಿದವಳನ್ನೇ ಬೈದೆನಲ್ಲ.

ಇನ್ನೊಂದು ಹೇಳಲೇಬೇಕು. ಆ ಬೀದಿಯಲ್ಲಿ ನಾನಿದ್ದು, ಕೂಗಿದವಳು ನೀನಲ್ಲದೆ ಬೇರೆ ಯಾರೋ ಆಗಿದ್ದರೆ, ನಾನೂ ಅವರ ಮನೆ ವಿಷಯ ಎಂದು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ಖಂಡಿತ ಹೋಗುತ್ತಿದ್ದೆ. ಎರಡು ದಿನ ಬೇರೆ ಉತ್ತರ ಹುಡುಕಿದೆ, ಸಿಗಲಿಲ್ಲ. ನಾನೇ ಹೀಗಿರುವಾಗ ಆ ಊರನ್ನು ನಂಬಿ ನಿನ್ನನ್ನು ಹೇಗೆ ಬಿಡಲಿ?

ಹತ್ತರವರೆಗೆ ಕಾಯುವುದಿಲ್ಲ. ಆಗಸ್ಟ್ ಎರಡಕ್ಕೇ ಬರುತ್ತೇನೆ. ಪೆಟ್ಟಿಗೆ ತುಂಬಲಿಕ್ಕೇ.

ಗುಬ್ಬಿ


ಜುಲೈ 25

ಗುಬ್ಬಿ,

ಟಿಕೆಟ್ ತೆಗೆಸುವ ಮುಂಚೆ ಇದನ್ನು ಓದು.

ಟೈಲರ್ ಹೇಳಿದ್ದನ್ನು ಕ್ಯಾಪ್ಟನ್‌ಗೆ ಹೇಳಿದೆ. ಅವಳು ಒಪ್ಪಲಿಲ್ಲ. “ಮರ್ಯಾದೆ ಕೊಟ್ಟು ಕೂಗಿದ್ರೆ ಯಾವನು ಹೆದರ್ತಾನೆ ಮೇಡಂ?”

“ಅವನು ಹೆದರೋದು ಬೇಡ. ನೋಡೋರಿಗೆ ಅರ್ಥ ಆಗ್ಲಿ. ನನಗಿಂತ ಅಷ್ಟು ಚಿಕ್ಕವನಿಗೆ ನಾನು ‘ನೀವು’ ಅಂದ್ರೆ, ಅವನು ನನ್ನವನಲ್ಲ ಅಂತ ತಾನೇ?”

“ಸರಿ, ಪರೀಕ್ಷೆ ಮಾಡೇಬಿಡೋಣ” ಅಂದಳು.

ನಿನಗೆ ಇಷ್ಟವಾಗುವಂಥ ಪ್ರಯೋಗ. ಹೊತ್ತು ಅದೇ, ಕೂಗುವವಳು ನಾನೇ, ಹಿಡಿಯುವವನು ಒಬ್ಬನೇ, ಬದಲಾಗುವುದು ಕೂಗುವ ಮಾತು ಮಾತ್ರ. ಒಂದೊಂದು ದಿನ ಒಂದೊಂದು ಬೀದಿ, ನೋಡಿದವರೇ ಮತ್ತೆ ನೋಡಬಾರದಲ್ಲ. ಹಿಡಿಯುವ ಕೆಲಸಕ್ಕೆ ಕ್ಯಾಪ್ಟನ್‌ನ ತಮ್ಮ ಬಂದ. ಬೇಕರಿ ನಡೆಸುವವನು. “ಅಮ್ಮಾ, ಗಟ್ಟಿಯಾಗಿ ಹಿಡೀಲಾ, ಮೆತ್ತಗಾ?” ಎಂದು ನನ್ನನ್ನೇ ಕೇಳಿದ ಖಳನಾಯಕ.

ಮೊದಲ ದಿನ ‘ಬಿಡೋ’. ತರಗತಿಯ ಒಬ್ಬ ಹುಡುಗಿ ದೂರ ನಿಂತು ಎಣಿಸಿದಳು. ಇಪ್ಪತ್ತಮೂರು ಜನ ತಿರುಗಿದರು, ಒಬ್ಬರೂ ಹತ್ತಿರ ಬರಲಿಲ್ಲ. ಒಬ್ಬ ಹಿರಿಯರು ಮಾತ್ರ ಹಾದುಹೋಗುತ್ತ, “ಮನೇಲಿ ಕೂತು ಮಾತಾಡ್ಕೊಳ್ಳಿ, ಬೀದೀಲಿ ಯಾಕೆ?” ಎಂದರು.

ಎರಡನೆಯ ದಿನ: “ಯಾರ್ರೀ ನೀವು? ನಿಮ್ಮ ಪರಿಚಯ ನನಗಿಲ್ಲ. ಕೈ ಬಿಡ್ರಿ!” ಹತ್ತು ಎಣಿಸುವಷ್ಟರಲ್ಲಿ ಐದು ಜನ. ಪಾತ್ರೆ ಅಂಗಡಿಯವನು ಶಟರ್ ಎಳೆಯುವ ಕೊಕ್ಕೆ ಹಿಡಿದೇ ಬಂದ. ಬೇಕರಿಯವನ ಮುಖ ಮೈದಾಹಿಟ್ಟಾಯಿತು. “ಅಕ್ಕಾ, ಹೇಳೇ! ಬೇಗ ಹೇಳೇ!” ಎಂದು ಕ್ಯಾಪ್ಟನ್ ಕಡೆ ಅರಚಿದ. ಅವಳು ಓಡಿಬಂದು, “ನಾಟಕ ಕಣ್ರಪ್ಪಾ! ಇವನು ನಮ್ಮ ಮನೆಯವನೇ!” ಎಂದಳು.

“ಮನೆಯವನಾ? ಮೊದಲೇ ಹೇಳ್ಬಾರ್ದಾ” ಎಂದು ಅವನು ಕೊಕ್ಕೆ ಇಳಿಸಿದ. ಗುಂಪು ಚೆದುರಿತು.

ಬೇಕರಿಯವನಿಗೆ ನೀರು ಕುಡಿಸಿ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕ್ಯಾಪ್ಟನ್ ಮಾತ್ರ ನಗು ನಿಲ್ಲಿಸಿ, “ಮನೆಯವನಾದ್ರೆ ಪರವಾಗಿಲ್ವಂತಾ?” ಎಂದು ಆ ಅಂಗಡಿಯ ಕಡೆ ನೋಡಿದಳು.

ಊರು ಕಿವುಡಲ್ಲ, ಗುಬ್ಬಿ. ಕೇಳಿಸಿಕೊಂಡದ್ದನ್ನು ತಪ್ಪಾಗಿ ಓದಿಕೊಳ್ಳುತ್ತದೆ. ತಪ್ಪು ಓದುವವರಿಗೆ ಬಿಡಿಸಿ ಹೇಳುವುದೇ ನನ್ನ ಕೆಲಸ. ದಿನಕ್ಕೆ ಮುನ್ನೂರು ಸಲ ಅದನ್ನೇ ಮಾಡುತ್ತೇನೆ.

ನಾನು ದಾರಿ ಬದಲಿಸಿಲ್ಲ. ಅದೇ ಬೀದಿಯಲ್ಲಿ, ಅದೇ ಹೊತ್ತಿಗೆ ನಡೆದು ಹೋಗುತ್ತಿದ್ದೇನೆ. ಎಂಟು ದಿನ ಹೆಚ್ಚು ಕೊಡು.

ಅಕ್ಕ


ಜುಲೈ 30

ಅಕ್ಕಾ,

ಕೊಟ್ಟೆ. ಮೊದಲು ಹೇಳಿದಂತೆ ಹತ್ತಕ್ಕೇ ಬರುತ್ತೇನೆ. ಪೆಟ್ಟಿಗೆಯ ಮಾತನ್ನು ಅಲ್ಲೇ ಆಡೋಣ.

ನಾನೂ ಅಭ್ಯಾಸ ಮಾಡಿದೆ. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು, “ಯಾರ್ರೀ ನೀವು?” ಎಂದು ಹೊಟ್ಟೆಯಿಂದ ಕೂಗಿದೆ. ಹೊರಗಿನಿಂದ, “ನಾನೇ ರೀ, ಹೆಡ್ಮಾಸ್ಟರು!” ಎಂದು ಉತ್ತರ ಬಂತು.

ಹೆದರಿಕೆ ಹೋಗಿಲ್ಲ. ಆದರೆ ಈ ಸಲದ ಕಾಗದದಲ್ಲಿ ನಿನ್ನ ಅಕ್ಷರ ಮತ್ತೆ ನೆಟ್ಟಗಾಗಿದೆ. ಅದನ್ನು ಅಣ್ಣನಿಗೂ ತೋರಿಸಿದೆ. ಅವನು ಬಣ್ಣದ ಡಬ್ಬಿ ಮುಚ್ಚಿಟ್ಟ.

ಗುಬ್ಬಿ


ಆಗಸ್ಟ್ 7

ಗುಬ್ಬಿ,

ಮೊನ್ನೆ ಐದರಂದು ಅವನು ಮತ್ತೆ ಬಂದ. ಅದೇ ಹೊತ್ತು, ಅದೇ ಜಾಗ, ಅದೇ ಕೈ. ನಾನು ಚೆನ್ನಾಗಿದ್ದೇನೆ. ಅದನ್ನು ಮೊದಲು ಓದಿಕೋ.

ಈ ಸಲ ಕೂಗಲಿಲ್ಲ. ಅನೌನ್ಸ್ ಮಾಡಿದೆ. ಗೂಡಿನಲ್ಲಿ ನಮಗೊಂದು ಕ್ರಮವಿದೆ. ಯಾವ ಬಸ್ಸು, ಎಲ್ಲಿ ನಿಂತಿದೆ, ಯಾರು ಏನು ಮಾಡಬೇಕು, ಇಷ್ಟನ್ನು ಒಂದಕ್ಷರ ಬದಲಿಸದೆ ಮೂರು ಸಲ ಹೇಳಬೇಕು. ಮೈಕ್ ಇರಲಿಲ್ಲ, ಅದಕ್ಕೆ ಹೊಟ್ಟೆಯನ್ನು ಬಳಸಿದೆ.

“ದಯವಿಟ್ಟು ಗಮನಿಸಿ. ಬೂದು ಅಂಗಿಯವರೇ, ನೀವು ಯಾರೋ ನನಗೆ ಗೊತ್ತಿಲ್ಲ, ನನ್ನ ಕೈ ಬಿಡಿ. ಟೈಲರ್ ಅಂಗಡಿಯವರೇ, ಹೊರಗೆ ಬನ್ನಿ. ಔಷಧಿ ಅಂಗಡಿಯವರೇ, ಪೊಲೀಸರಿಗೆ ಫೋನ್ ಮಾಡಿ.”

ಅವನು, “ಅಕ್ಕಾ, ಹಟ ಮಾಡ್ಬೇಡ, ಮನೆಗೆ...” ಎಂದು ಶುರು ಮಾಡಿದ. ನಾನು ಎರಡನೆಯ ಸಲ ಹೇಳಿದೆ. ಟೈಲರ್ ಕೊರಳಿನ ಅಳತೆಪಟ್ಟಿ ತೆಗೆಯದೆ ಕತ್ತರಿ ಹಿಡಿದೇ ಬಂದಳು. “ಅಕ್ಕನಾ? ಎಲ್ಲಿ, ನಿಮ್ಮಕ್ಕನ ಹೆಸರು ಹೇಳು ನೋಡೋಣ!” ಹಣ್ಣಿನವನು ಗಾಡಿಯನ್ನು ಕಾರಿಗೆ ಅಡ್ಡ ನೂಕಿದ. “ತಮ್ಮನಿಗೆ ಯಾವ ಅಕ್ಕ ‘ನೀವು’ ಅಂತಾಳೋ? ಅವತ್ತು ನನ್ನ ಬಾಯಲ್ಲೂ ಬುದ್ಧಿ ಹೇಳಿಸಿದೆಯಲ್ಲೋ!” ಮೂರನೆಯ ಸಲ ಹೇಳುವ ಹೊತ್ತಿಗೆ ನನ್ನ ಕೈ ಬಿಟ್ಟಾಗಿತ್ತು. ಆದರೂ ಪೂರ್ತಿ ಹೇಳಿದೆ, ನಡುವೆ ನಿಲ್ಲಿಸಿ ಅಭ್ಯಾಸವಿಲ್ಲ. ಯಾರೂ ಅವನಿಗೆ ಹೊಡೆಯಲಿಲ್ಲ, ಹೋಗಲೂ ಬಿಡಲಿಲ್ಲ. ಪೊಲೀಸರು ಬಂದು ಕರೆದೊಯ್ದರು. ಟೈಲರ್, ಹಣ್ಣಿನವನು, ಔಷಧಿ ಅಂಗಡಿಯವರು ಮೂವರೂ ಸಾಕ್ಷಿ ಬರೆದುಕೊಟ್ಟಿದ್ದಾರೆ. ಈಗ ಅವನ ಹೆಸರು, ಕಾರಿನ ನಂಬರು, ಎಲ್ಲ ದೂರಿನಲ್ಲಿದೆ.

ಆಮೇಲೆ ಔಷಧಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಎರಡು ಲೋಟ ನೀರು ಕುಡಿದೆ.

ನೀನು ಹತ್ತಕ್ಕೆ ಬಾ. ನಾನು ಹೊರಡುವುದಿಲ್ಲ. ಗೆದ್ದೆ ಎನ್ನುವ ಹಮ್ಮಿನಿಂದ ಹೇಳುತ್ತಿಲ್ಲ. ಇಷ್ಟು ಬರೆದು ಈ ಕಾಗದ ಮಡಚಬೇಕೆಂದಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದರು. ಎಂಟು ತಿಂಗಳಲ್ಲಿ ನಾವು ಆಡಿದ ಮಾತೆಂದರೆ ನೀರು ಬಂತಾ, ಕರೆಂಟು ಹೋಯಿತಾ, ಅಷ್ಟೇ. ಅವರ ಕೆನ್ನೆಯ ಬದಿ ಊದಿತ್ತು. ಗೋಡೆಯಾಚೆ ಅವರ ಗಂಡನ ಸದ್ದು ನನಗೂ ಕೇಳಿಸುತ್ತಿತ್ತು, ಗುಬ್ಬಿ. ಅವರ ಮನೆ ವಿಷಯ ಎಂದು ನಾನೂ ಪುಸ್ತಕದ ಪುಟ ತಿರುಗಿಸಿದ್ದೇನೆ. ಇದನ್ನು ನಿನಗೆ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಈಗ ಅವರು ನನ್ನ ಹಾಸಿಗೆಯ ಮೇಲೆ ನಿದ್ದೆ ಹೋಗಿದ್ದಾರೆ. ಕ್ಯಾಪ್ಟನ್‌ಗೆ ಹೇಳಿ ಕಳಿಸಿದ್ದೇನೆ, ಟೈಲರ್‌ಗೂ. ಈ ಪಕ್ಕದ ಮನೆಯಾಕೆ ಕೇಳಿದ್ದಕ್ಕೆ ಉತ್ತರ ಸಿಗುವವರೆಗೆ ಈ ಮನೆ ಬಿಡುವುದಿಲ್ಲ. ನಿನ್ನ ರಜೆಯನ್ನು ನಾಲ್ಕು ದಿನ ಹೆಚ್ಚು ಮಾಡಿಕೊಂಡು ಬಾ, ಕೂತು ಯೋಚಿಸೋಣ. ಒಳಗೆ ಬನ್ನಿ ಎಂದರೂ ಬಾರದೆ, ಹೊಸ್ತಿಲಾಚೆ ನಿಂತೇ ಅವರು ಹೇಳಿದ್ದು ಇಷ್ಟು:

“ಹೆಂಗೆ ಕೂಗಿದ್ರೆ ಜನ ಬರ್ತಾರೆ ಅಂತ ನಿಮಗೆ ಗೊತ್ತಂತೆ. ನಾನು ಹನ್ನೊಂದು ವರ್ಷದಿಂದ ‘ರೀ, ಬಿಡ್ರಿ’ ಅಂತಾನೇ ಕೂಗ್ತಿದೀನಿ. ನಾನು ಇನ್ನೇನಂತ ಕೂಗ್ಲಿ, ಹೇಳಿ.”